ಮೂರನೆಯ ರಾಕರ್

ಸಂಘರತ್ನ ಮಿಸ್ತ್ರಿಯ ಕಿವಿಯ ಖ್ಯಾತಿ ಅವನ ಗ್ಯಾರೇಜಿದ್ದ ಬಸವಕಲ್ಯಾಣದ ಬಂಗ್ಲಾ ಕ್ರಾಸಿನಿಂದ ಹುಮನಾಬಾದದವರೆಗೂ ಹಬ್ಬಿತ್ತು. ಆ ಕಿವಿ ಕೈಕೊಟ್ಟು ನಾಲ್ಕು ವರ್ಷವಾಗಿತ್ತೆನ್ನುವುದು ಅವನ ಹೆಂಡತಿ ವಿಶಾಖಾಳೊಬ್ಬಳಿಗೇ ಗೊತ್ತಿತ್ತು.

ಪೂರ್ತಿ ಕಿವುಡೇನಲ್ಲ. ಎದುರಿಗೆ ನಿಂತು ತುಟಿ ಕಾಣುವಂತೆ ಮಾತಾಡಿದರೆ ಅರ್ಧ ಕೇಳಿ ಅರ್ಧ ಊಹಿಸುತ್ತಿದ್ದ. ಲಾರಿಯ ಹಾರ್ನ್ ಕೇಳುತ್ತಿತ್ತು. ಆದರೆ ಯಾವ ಸಣ್ಣ ಸದ್ದುಗಳಿಂದ ಅವನು ಮಿಸ್ತ್ರಿ ಎನಿಸಿಕೊಂಡಿದ್ದನೋ ಅವೇ ಒಂದೊಂದಾಗಿ ಅವನನ್ನು ಬಿಟ್ಟುಹೋಗಿದ್ದವು. ಮೂವತ್ತು ವರ್ಷ ಲಾರಿ ಇಂಜಿನ್ನುಗಳ ಬಾಯಿಗೆ ತಲೆ ಕೊಟ್ಟಿದ್ದರ ಫಲ. ಬೀದರಿನ ಡಾಕ್ಟರು ಮಶೀನು ಹಾಕಿಸಿಕೊಳ್ಳಿ ಎಂದಿದ್ದರು. "ಕಿವಿಯಾಗ ಮಶೀನ್ ಇಟ್ಕೊಂಡ ಮಿಸ್ತ್ರಿ ಹತ್ರ ಗಾಡಿ ಯಾರ ತರ್ತಾರ?" ಎಂದು ಆ ಚೀಟಿಯನ್ನು ಬಸ್ ಸ್ಟ್ಯಾಂಡಿನಲ್ಲೇ ಹರಿದುಹಾಕಿ ಬಂದಿದ್ದ.

ಆಮೇಲೆ ಗಂಡಹೆಂಡತಿ ಸೇರಿ ಒಂದು ಆಟ ಕಟ್ಟಿದರು. ಗಾಡಿ ಬರುತ್ತಿತ್ತು. ಸಂಘರತ್ನ ಸ್ಕ್ರೂ ತಿರುಗಿಸುವ ಉದ್ದನೆಯ ಪೇಚಕಸ್ಸಿನ ಮೊನೆಯನ್ನು ಇಂಜಿನ್ನಿನ ತಲೆಯ ಮೇಲಿಟ್ಟು, ಹಿಡಿಕೆಯನ್ನು ಕಿವಿಗೊತ್ತಿ, ಕಣ್ಣು ಮುಚ್ಚಿ ಕೇಳುತ್ತಿದ್ದ. ಗಿರಾಕಿ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದ. ಮಿಸ್ತ್ರಿ ತಲೆಯಾಡಿಸಿ, ನಕ್ಕು, ಪೇಚಕಸ್ಸನ್ನು ಹೆಂಡತಿಯ ಕೈಗೆ ಕೊಡುತ್ತಿದ್ದ. "ನಮ್ಮನಿಯಾಕಿಗೆ ಪರೀಕ್ಷಾ. ಹೇಳು ನೋಡೂನು, ಯಾವ ಸಿಲಿಂಡರ್?" ಡೀಸೆಲಿನಲ್ಲಿ ನಟ್ಟುಬೋಲ್ಟು ತೊಳೆಯುತ್ತಿದ್ದ ವಿಶಾಖಾ ಸೆರಗಿಗೆ ಕೈ ಒರೆಸಿಕೊಂಡು ಬಂದು ನಾಲ್ಕೂ ಕಡೆ ಕೇಳಿ, ಒಂದೋ ಎರಡೋ ಬೆರಳು ತೋರಿಸುತ್ತಿದ್ದಳು. "ಪಾಸ್!" ಎಂದು ಅವನು ತೊಡೆ ತಟ್ಟುತ್ತಿದ್ದ. ಡ್ರೈವರುಗಳಿಗೆ ಇದೊಂದು ತಮಾಷೆ. ಕೆಲವರು ಅವಳಿಗೆ ಚಹಾ ಕೊಡಿಸುತ್ತಿದ್ದರು. ಪರೀಕ್ಷೆ ಮಾಡುವವನಿಗೇ ಉತ್ತರ ಗೊತ್ತಿಲ್ಲವೆಂದು ಯಾರೂ ಎಣಿಸಲಿಲ್ಲ.

ಆಟದಲ್ಲಿ ಒಂದು ಕೊರತೆಯಿತ್ತು. ಅವಳಿಗಿದ್ದದ್ದು ಒಂದರಿಂದ ನಾಲ್ಕರವರೆಗಿನ ಬೆರಳು ಮಾತ್ರ. ಅದಕ್ಕಿಂತ ಹೆಚ್ಚಿನದೇನನ್ನಾದರೂ ಹೇಳಬೇಕೆಂದರೆ ಬಾಯಿ ತೆರೆಯಬೇಕು. ಅವನಿಗೆ ಕೇಳುವಷ್ಟು ಜೋರಾಗಿ ತೆರೆದರೆ ಊರಿಗೆಲ್ಲ ಕೇಳುತ್ತದೆ.

ವಿದ್ಯೆ ಅವನೇ ಕಲಿಸಿದ್ದು, ಮದುವೆಯಾದ ಹೊಸದರಲ್ಲಿ, ಅಡುಗೆಮನೆಯಲ್ಲಿ. ಲಟ್ಟಣಿಗೆಯ ಮೇಲೆ ಸವಟನ್ನು ಅಡ್ಡ ಇಟ್ಟು ತೋರಿಸಿದ್ದ. "ಇದು ರಾಕರ್ ಅನ್ಕೋ. ಈ ತುದಿಗೆ ಕೆಳಗಿಂದ ಒಂದು ಕಡ್ಡಿ ಬಂದು ಎತ್ತತದ. ಆ ತುದಿ ತಗ್ಗಿ ವಾಲ್ವ್ ಒತ್ತತದ. ವಾಲ್ವ್ ತೆರೀತು, ಇಂಜಿನ್ ಉಸಿರು ತಗೊಂತು. ಮಿನಿಟಿಗೆ ನೂರಾರು ಸಲ ಇದೇ ಕೆಲಸ." ರಾಕರಿಗೂ ವಾಲ್ವಿಗೂ ನಡುವೆ ಒಂದು ಪೋಸ್ಟ್ ಕಾರ್ಡಿನ ದಪ್ಪದಷ್ಟು ಸಂದು ಇರಬೇಕಂತೆ. ಸಂದು ಹೆಚ್ಚಾದರೆ ಟಿಕ್ ಟಿಕ್ ಎಂದು ಬಡಿಯುತ್ತದೆ. ಪೂರಾ ಮುಚ್ಚಿದರೆ ವಾಲ್ವ್ ಸುಟ್ಟುಹೋಗುತ್ತದೆ. ಸ್ಕ್ರೂ ತಿರುಗಿಸಿ ಆ ಸಂದನ್ನು ಸರಿಮಾಡುವುದಕ್ಕೆ ಟ್ಯಾಪೆಟ್ ಸೆಟಿಂಗ್ ಎನ್ನುತ್ತಾರೆ. ಅಂದು ಅವನು ಇನ್ನೂ ಒಂದು ಮಾತು ಹೇಳಿದ್ದ: "ಸೆಟಿಂಗ್ ಮಾಡಿದ ವಾರದಾಗ ಮತ್ತ ಅದೇ ಆವಾಜ್ ಬಂತಂದ್ರ ಸ್ಕ್ರೂಕ ಕೈ ಹಚ್ಚಬ್ಯಾಡ. ರಾಕರ್ ಬಿಚ್ಚಿ ತಳಾ ನೋಡು. ಬಿರುಕು ಯಾವಾಗ್ಲೂ ಅಡಿಗಿಂದ ಸುರು ಆಗ್ತದ, ಮ್ಯಾಲೆ ಕಾಣಸಂಗಿಲ್ಲ. ಸಂದು ಬಿಗಿ ಮಾಡಿದ್ರ ಆವಾಜ್ ಮುಚ್ಚತದ, ಬಿರುಕು ಮುಚ್ಚಂಗಿಲ್ಲ." ಹೇಳಿ ಸವಟಿನ ತುದಿಯಿಂದ ಅವಳ ಮೂಗು ಮುಟ್ಟಿದ್ದ. ಅವಳಿಗಾಗ ಇಪ್ಪತ್ತು ವರ್ಷ.

ಸೋಯಾ ಕೊಯ್ಲಿನ ದಿನಗಳು. ಒಂದು ಸೋಮವಾರ ಮಧ್ಯಾಹ್ನ ದುಬಲಗುಂಡಿಯ ಗೋವರ್ಧನ ತನ್ನ ಪಿಕಪ್ ಗಾಡಿ ತಂದು ನಿಲ್ಲಿಸಿದ. ಕೂಲಿ ಹೆಣ್ಣುಮಕ್ಕಳನ್ನು ಊರಿಂದ ಹೊಲಗಳಿಗೆ ಒಯ್ದು ಸಂಜೆ ತಂದು ಬಿಡುವ ಗಾಡಿ. ಅವನ ಹೆಂಡತಿಯ ತವರು ಈ ಕಡೆಯ ನಾರಾಯಣಪುರವಾದ್ದರಿಂದ ಮಿಸ್ತ್ರಿಯ ಹೆಸರು ಕೇಳಿ ಇಷ್ಟು ದೂರ ಬಂದಿದ್ದ. ಜೊತೆಗೆ ಅವನೂರಿನ ಕಮಳಾಬಾಯಿ ಇದ್ದಳು, ಐವತ್ತರ ಆಸುಪಾಸಿನ ಕೂಲಿ ಹೆಂಗಸು. ಬಸವಕಲ್ಯಾಣದಲ್ಲಿದ್ದ ಮಗಳು ಸರಿತಾಳನ್ನು ನೋಡಿ ಊರಿಗೆ ಮರಳುತ್ತಿದ್ದವಳು ಬಸ್ಸಿನ ಚಾರ್ಜು ಉಳಿಯಿತೆಂದು ಇದೇ ಗಾಡಿ ಹತ್ತಿದ್ದಳು.

ಇಂಜಿನ್ ಓಡುತ್ತಿತ್ತು. ಗೋವರ್ಧನ ಬಾನೆಟ್ಟಿನ ಮೇಲೆ ಬಾಗಿ ಹೇಳಿದ. "ಹೋದ ಬುಧವಾರ ಹುಮನಾಬಾದದಾಗ ಟ್ಯಾಪೆಟ್ ಸೆಟಿಂಗ್ ಮಾಡ್ಸೀನ್ರಿ ಉಸ್ತಾದ್. ನಾಕ ದಿನ ಸುಮ್ಮ ಇತ್ತು. ಮತ್ತ ಅದೇ ರಾಗ ತಗದದ ನೋಡ್ರಿ."

ಸಂಘರತ್ನ ಆಗ ಬಗ್ಗಿ ಗೂಡಿನಿಂದ ನಟ್ಟು ಬಿಚ್ಚುವ ಪಾನಾ ತೆಗೆಯುತ್ತಿದ್ದ. ಅವನಿಗೆ ಗೋವರ್ಧನನ ತುಟಿ ಕಾಣಲಿಲ್ಲ. ತಲೆಯೆತ್ತಿ, "ಹೂಂ, ಹೂಂ, ನೋಡೂನು" ಎಂದ. ಆ ಹೂಂ ಯಾವ ತರಹದ್ದೆಂದು ವಿಶಾಖಾಳಿಗೆ ಗೊತ್ತಿತ್ತು. ಏನೂ ಕೇಳಿಸದಾಗ ಅವನು ಎರಡು ಸಲ ಹೂಂ ಅನ್ನುತ್ತಿದ್ದ.

ಪೇಚಕಸ್ಸು ಅವನ ಕಿವಿಯಿಂದ ಇವಳ ಕೈಗೆ ಬಂತು. ಒಂದನೆಯದು ಸರಿಯಿತ್ತು. ಎರಡನೆಯದು ಸರಿಯಿತ್ತು. ಮೂರನೆಯದರ ಮೇಲೆ ಇಟ್ಟಾಗ ಟಿಕ್ ಟಿಕ್ ನೇರವಾಗಿ ಕಿವಿಯೊಳಗೆ ಬಡಿಯಿತು. ಅವಳು ಪೇಚಕಸ್ಸು ತೆಗೆಯದೆ ಹಾಗೇ ನಿಂತಳು. ಟಿಕ್ಕಿನ ಹಿಂದೆ ಇನ್ನೊಂದು ಸದ್ದಿತ್ತು, ಸಣ್ಣದು, ಮಬ್ಬು. ಕುಂಬಾರರ ಅಂಗಡಿಯಲ್ಲಿ ಗಡಿಗೆ ಕೊಳ್ಳುವಾಗ ಬೆರಳ ಗೆಣ್ಣಿನಿಂದ ಬಡಿದು ನೋಡುತ್ತೇವಲ್ಲ, ಕಣ್ಣಿಗೆ ಕಾಣದ ಸೀಳಿರುವ ಗಡಿಗೆ ಬೇರೆ ದನಿಯಲ್ಲಿ ಮಾತಾಡುತ್ತದಲ್ಲ, ಅಂಥದ್ದು.

"ಅಷ್ಟೊತ್ತು ಏನ ಕೇಳಾಕತ್ತೀ ತಂಗಿ? ರೇಡಿಯೋ ಹತ್ತೇದೇನು?" ಗಾಡಿಯ ಹಿಂದಿನಿಂದ ಇಳಿದು ಬಂದ ಕಮಳಾಬಾಯಿ ಕೇಳಿದಳು. "ನನಗೂ ಒಂದೀಟ ಕೇಳಸು."

ವಿಶಾಖಾ ಹಿಡಿಕೆಯನ್ನು ಅವಳ ಕಿವಿಗೆ ಒತ್ತಿದಳು. ಕಮಳಾಬಾಯಿಯ ಬಾಯಿ ತೆರೆದುಕೊಂಡಿತು. "ಯವ್ವಾ! ಯಾರೋ ಬಾಗಲಾ ಬಡ್ಯಾಕತ್ತಾರಲ್ಲಬೇ ಒಳಗ!"

ಎಲ್ಲರೂ ನಕ್ಕರು. ವಿಶಾಖಾ ಮೂರು ಬೆರಳು ತೋರಿಸಿದಳು. "ಪಾಸ್!" ಎಂದ ಸಂಘರತ್ನ. ಇಂಜಿನ್ ಬಂದ್ ಮಾಡಿಸಿ, ಮೇಲಿನ ಕವರು ತೆಗೆದು, ಸಂದು ಅಳೆಯುವ ತಗಡಿನ ಎಲೆಗಳನ್ನು ಹೊರತೆಗೆದ. ಎಣ್ಣೆಯಲ್ಲಿ ಮಿಂದ ಎಂಟು ರಾಕರುಗಳು ಒಂದೇ ದಂಡದ ಮೇಲೆ ಸಾಲಾಗಿ ಕೂತಿದ್ದವು. ಮೇಲಿನಿಂದ ನೋಡಿದರೆ ಎಲ್ಲವೂ ಒಂದೇ ತರಹ, ನುಣ್ಣಗೆ, ಗಟ್ಟಿಮುಟ್ಟಾಗಿ.

ವಿಶಾಖಾ ಅವನ ಪಕ್ಕಕ್ಕೆ ಸರಿದು, ಮೊಣಕೈ ಮುಟ್ಟಿ, ಸಣ್ಣ ದನಿಯಲ್ಲಿ ಅಂದಳು. "ಬಿಚ್ಚಿ ತಳಾ ನೋಡ್ರಿ. ಹೋದ ವಾರ ಸೆಟಿಂಗ್ ಆಗ್ಯದಂತ."

"ಆಂ?"

"ಬಿಚ್ಚಿ ನೋಡ್ರಿ ಅಂದೆ."

ಕಮಳಾಬಾಯಿ ಚಪ್ಪಾಳೆ ತಟ್ಟಿದಳು. "ಏ ಗೋವರ್ಧನ, ನೋಡಪಾ ಇಲ್ಲಿ! ಹೇಣ್ತಿನೇ ಮಿಸ್ತ್ರಿಗಿ ಪಾಠಾ ಹೇಳಾಕತ್ತಾಳ. ನಾವು ಯಾರ ಕೈಯಾಗ ಗಾಡಿ ಕೊಟ್ಟೀವಿ, ಗಂಡನ ಕೈಯಾಗೋ ಹೇಣ್ತಿ ಕೈಯಾಗೋ?"

ಕೆಟ್ಟ ಮನಸ್ಸಿನ ಮಾತಲ್ಲ. ಬಿಸಿಲಲ್ಲಿ ನಿಂತ ಹೆಂಗಸಿನ ಹಗುರವಾದ ಚೇಷ್ಟೆ. ಪಕ್ಕದ ಸ್ಪೇರ್ ಪಾರ್ಟ್ಸ್ ಅಂಗಡಿಯ ಅಲ್ತಾಫನೂ ಇಣುಕಿ ನಕ್ಕ. ಸಂಘರತ್ನನಿಗೆ ಮಾತು ಕೇಳಿಸಲಿಲ್ಲ, ನಗುವವರ ಮುಖಗಳು ಕಂಡವು. ಅವನು ಹೆಂಡತಿಯ ಕಡೆ ತಿರುಗಿದ. ಆ ನೋಟ ಅವಳಿಗೆ ಪರಿಚಿತ. ಮದುವೆ ಮುಂಜಿಗಳಲ್ಲಿ, ನೆಂಟರ ನಡುವೆ, ಎಲ್ಲರೂ ನಕ್ಕ ಮೇಲೆ ಒಂದು ಗಳಿಗೆ ತಡವಾಗಿ ನಗುವ ಮೊದಲು ಅವನು ಹೀಗೇ ನೋಡುತ್ತಿದ್ದ. ನನ್ನ ಬಗ್ಗೆಯೇ ನಗುತ್ತಿದ್ದಾರೇನು ಎಂದು ಕೇಳುವ ನೋಟ.

ಅವಳು ಹಿಂದೆ ಸರಿದಳು. "ಏನಿಲ್ರಿ" ಎಂದು ಕೈಯಾಡಿಸಿದಳು.

ಅವನು ಸ್ಕ್ರೂ ಬಿಗಿಮಾಡಿದ. ಇಂಜಿನ್ ಮತ್ತೆ ಓಡಿತು. ಟಿಕ್ ಟಿಕ್ ಸದ್ದು ಮಾಯವಾಗಿತ್ತು. ಗೋವರ್ಧನ ಖುಷಿಯಾದ. ನಾಲ್ಕಕ್ಕೆ ಹೊಲದಿಂದ ಹೆಣ್ಣುಮಕ್ಕಳನ್ನು ಕರೆತರಬೇಕು ಎಂದು ಅವಸರಪಟ್ಟ. ಕಮಳಾಬಾಯಿ ಹೋಗುವಾಗ ಮಗಳು ಕಟ್ಟಿಕೊಟ್ಟ ಶೇಂಗಾದ ಗಂಟಿನಿಂದ ಒಂದು ಬೊಗಸೆ ತೆಗೆದು ವಿಶಾಖಾಳ ಸೆರಗಿಗೆ ಸುರುವಿದಳು. "ಸಿಟ್ಟಾಗಬ್ಯಾಡ ತಂಗಿ. ನಿನ್ನ ಕಿವಿ ಚಲೋ ಅದ."

ಆ ಸಂಜೆ ಹೇಳಬಹುದಿತ್ತು. ಗೋವರ್ಧನನ ಫೋನ್ ನಂಬರು ಗ್ಯಾರೇಜಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿತ್ತು. ಗಾಡಿ ವಾಪಸ್ ತನ್ನಿ ಎಂದರೆ ಆಗುತ್ತಿತ್ತು. ಆದರೆ ಹಾಗೆನ್ನಲು ಮೊದಲು ಗಂಡನಿಗೆ ಹೇಳಬೇಕು: ಆ ಮನುಷ್ಯ ನಿಮ್ಮೆದುರೇ ನಿಂತು ಹೇಳಿದ ಮಾತು ನಿಮಗೆ ಕೇಳಿಸಲೇ ಇಲ್ಲ. ರೊಟ್ಟಿ ಬಡಿಯುತ್ತ ಅವಳು ಆ ವಾಕ್ಯವನ್ನು ಹತ್ತು ತರಹ ಹೊರಳಿಸಿ ನೋಡಿದಳು. ಅವನು ಎಂದಿನಂತೆ ಬಾಬಾಸಾಹೇಬರ ಪಟಕ್ಕೆ ಕೈ ಮುಗಿದು ಬಂದು ಕೂತು, ಅಪರೂಪಕ್ಕೆ ಹಸಿವೆಯಿಂದ ಉಂಡ. "ದುಬಲಗುಂಡಿಯವ್ರೂ ಬರಾಕತ್ತಾರ ನೋಡು ಈಗ" ಎಂದ. ಅವನ ಮುಖ ಅರಳಿತ್ತು. ನಾಳೆ ಹೇಳಿದರಾಯಿತು ಎಂದುಕೊಂಡಳು. ಮರುದಿನ ಎರಡು ಲಾರಿ ಬಂದವು. ಅದರ ಮರುದಿನ ತನಗೆ ಕೇಳಿಸಿದ್ದು ಬರಿ ಭ್ರಮೆಯೇನೋ ಎನ್ನಿಸತೊಡಗಿತು. ಬೇಡದ್ದನ್ನು ಬಚ್ಚಿಡಲು ಹೆಂಗಸಿನ ಮನಸ್ಸಿಗೆ ಬಹಳ ಮೂಲೆಗಳಿರುತ್ತವೆ. ಅವಳು ಒಂದು ಮೂಲೆ ಹುಡುಕಿಕೊಂಡಳು.

ಗುರುವಾರ ಬೆಳಿಗ್ಗೆ ಅಲ್ತಾಫ್ ಫೋನು ಹಿಡಿದು ಬಂದ. "ಭಾಭಿ, ಸೋಮವಾರ ಬಂದಿತ್ತಲ್ಲ ಆ ಪಿಕಪ್, ಹುಮನಾಬಾದ ಹತ್ರ ಹೈವೇಕ ಹತ್ತೂ ಮುಂದ ನಟ್ಟನಡಕ ನಿಂತ್ಬಿಟ್ಟದ. ಲಾರಿ ಬಂದು ಹೊಡದದ. ಒಬ್ಬಾಕಿ ಹೋದಳಂತ. ಆ ಶೇಂಗಾ ಕೊಟ್ಟಾಕಿ."

ಶೇಂಗಾದ ಸಿಪ್ಪೆ ಇನ್ನೂ ಗ್ಯಾರೇಜಿನ ಮೂಲೆಯಲ್ಲಿತ್ತು. ವಿಶಾಖಾ ಅದನ್ನು ನೋಡಿದಳು. ಬಟ್ಟಲಿನಲ್ಲಿದ್ದ ಡೀಸೆಲಿನಲ್ಲಿ ಕೈ ಅದ್ದಿದ್ದವಳು ತೆಗೆಯುವುದನ್ನೇ ಮರೆತಳು.

ಸಂಘರತ್ನ ಕೇಳಿದ. "ಏನಂತ?"

ಅವಳು ಎದುರು ಬಂದು, ತುಟಿ ಬಿಡಿಸಿ, ಒಂದೊಂದೇ ಪದ ಹೇಳಿದಳು. ಅವನು, "ಡ್ರೈವರ್ ಗೇರ್ ತಪ್ಪಿಸಿರಬೇಕು" ಎಂದ. "ಇಂಜಿನ್ ಬರಾಬರ್ ಇತ್ತು."

ಎರಡು ದಿನ ಬಿಟ್ಟು ಗೋವರ್ಧನನ ಹೆಂಡತಿ ಉಮಾದೇವಿ ಬಂದಳು. ಕಣ್ಣು ಬಾತಿದ್ದವು. ಒಳಗೆ ಬಂದವಳೇ ಪಾನಾಗಳ ಪೆಟ್ಟಿಗೆಯ ಪಕ್ಕ ನೆಲಕ್ಕೆ ಕುಸಿದಳು.

"ವೈನಿ, ಅವನ್ನ ಠಾಣಾದಾಗ ಕುಂಡ್ರಸ್ಯಾರ. ಏರು ಹತ್ತೂ ಮುಂದ ಗಾಡಿ ಗಡಗಡ ನಡುಗಿ ತಾನೇ ನಿಂತು ಅಂತಾನ. ಯಾರೂ ನಂಬವಲ್ರು. ಕುಡದಿದ್ದ ಅಂತ ಊರಾಗಿನ ಮಂದಿ ಅಂತಾರ. ಅವ ಚಹಾ ಬಿಟ್ರ ಏನೂ ಕುಡ್ಯಾಂವಲ್ಲ. ಸೋಮವಾರ ಗಾಡಿ ನೋಡೋ ಇನ್‌ಸ್ಪೆಕ್ಟರ್ ಬರ್ತಾನಂತ. ಬ್ರೇಕ್ ನೋಡ್ತಾನ, ಸ್ಟೇರಿಂಗ್ ನೋಡ್ತಾನ, ಬರಾಬರ್ ಅದ ಅಂತ ಬರದು ಹೋಗ್ತಾನ. ಇಂಜಿನ್ ಬಿಚ್ಚಿ ತೋರಸೋರ ಬೇಕು. ಮಿಸ್ತ್ರಿ ಒಂದ ಸಲ ಬಂದು ಹೇಳಲಿ, ಇಂಜಿನ್ ತಕಲೀಫ್ ಇತ್ತಂತ."

ಸಂಘರತ್ನ ಅವಳ ತುಟಿಯನ್ನೇ ನೋಡುತ್ತಿದ್ದ. ಅಳುವವರ ತುಟಿ ಓದುವುದು ಕಷ್ಟ. ಕಡೆಯ ಮೂರು ಪದ ಮಾತ್ರ ಸಿಕ್ಕಿರಬೇಕು. "ಇಂಜಿನ್ನಿಗಿ ಏನೂ ಆಗಿರಲಿಲ್ಲವ್ವಾ. ನಾನೇ ಸೆಟಿಂಗ್ ಮಾಡೀನಿ" ಎಂದ, ಗಟ್ಟಿಯಾಗಿ.

ಉಮಾದೇವಿಯ ಮುಖ ಸತ್ತುಹೋಯಿತು. ಅವಳು ಏಳಲು ಹೊರಟಳು.

ವಿಶಾಖಾಳ ಮನಸ್ಸಿನಲ್ಲಿ ತಕ್ಕಡಿಯೇನೂ ತೂಗಲಿಲ್ಲ. ಒಂದು ಕಡೆ ಗಂಡನ ಹೆಸರು, ಇನ್ನೊಂದು ಕಡೆ ಜೈಲಿಗೆ ಹೋಗುವ ಒಬ್ಬ ಡ್ರೈವರು ಎಂದು ಅವಳು ಆಗ ಯೋಚಿಸಲೂ ಇಲ್ಲ. ಎದ್ದು ನಿಲ್ಲಲು ಆ ಹೆಂಗಸು ಗೋಡೆ ಹಿಡಿದುಕೊಂಡಳಲ್ಲ, ಅಲ್ಲೇ ಅಂಗೈ ಕೆಳಗೆ ಗೋವರ್ಧನನ ನಂಬರು ಅಳಿಸಿಹೋಗುತ್ತಿತ್ತು. ಅದನ್ನು ನೋಡಿ ಬಾಯಿಂದ ಮಾತು ಹೊರಬಂತು. "ತಡೀ ತಂಗಿ. ಸೋಮವಾರ ನಾವಿಬ್ರೂ ಬರ್ತೀವಿ. ಇಂಜಿನ್ ಬಿಚ್ಚೂನು."

ಗಂಡನನ್ನು ಒಪ್ಪಿಸುವುದು ಕಷ್ಟವಾಗಲಿಲ್ಲ. ಬಂಗ್ಲಾದಲ್ಲಿ ಆಗಲೇ ಮಾತು ಶುರುವಾಗಿತ್ತು, ಮಿಸ್ತ್ರಿ ಮುಟ್ಟಿದ ಗಾಡಿ ಅಂತ. ತನ್ನ ಕೆಲಸ ಸರಿಯಿತ್ತೆಂದು ಎಲ್ಲರೆದುರು ತೋರಿಸಬೇಕೆಂದು ಅವನು ತಾನಾಗಿ ಪೆಟ್ಟಿಗೆ ಕಟ್ಟಿದ. ಹುಮನಾಬಾದಿನ ಬಸ್ಸಿನಲ್ಲಿ ಕಿಟಕಿಗೆ ಕೂತು, ಇಸ್ತ್ರಿ ಮಾಡಿದ ಅಂಗಿಯ ತೋಳು ಸರಿಮಾಡಿಕೊಳ್ಳುತ್ತ, "ಒಂದು ಕೂದಲೆಳಿ ಹೆಚ್ಚಿಲ್ಲ, ಕಮ್ಮಿಲ್ಲ, ಹಂಗ ಮಾಡೀನಿ ಸಂದು" ಎಂದ. ಪಕ್ಕದಲ್ಲಿ ಕೂತ ವಿಶಾಖಾಳಿಗೆ ತಾನು ಅವನನ್ನು ಎಲ್ಲಿಗೆ ಕರೆದೊಯ್ಯುತ್ತಿದ್ದೇನೆಂದು ಗೊತ್ತಿತ್ತು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅವನನ್ನು ಅಷ್ಟು ಹತ್ತಿರದಿಂದ, ಅಷ್ಟು ಕಳ್ಳತನದಿಂದ ಅವಳೆಂದೂ ನೋಡಿರಲಿಲ್ಲ. ಕಿವಿಯ ಹಿಂದೆ ಒಂದು ಗೆರೆ ಗ್ರೀಸು ಉಳಿದಿತ್ತು. ಒರೆಸಲು ಕೈ ಎತ್ತಿ, ಮತ್ತೆ ಮಡಿಲಲ್ಲಿಟ್ಟುಕೊಂಡಳು.

ಠಾಣೆಯ ಅಂಗಳದಲ್ಲಿ ಪಿಕಪ್ ನಿಂತಿತ್ತು. ಹಿಂಭಾಗ ಹಪ್ಪಳದಂತೆ ಮಡಚಿಹೋಗಿತ್ತು. ಮುಂಭಾಗಕ್ಕೆ ಏನೂ ಆಗಿರಲಿಲ್ಲ. ಇನ್‌ಸ್ಪೆಕ್ಟರು ಬ್ರೇಕು ನೋಡಿ ಮುಗಿಸಿದ್ದರು. ಬೇವಿನ ಮರದಡಿ ಉಮಾದೇವಿ ಕೂತಿದ್ದಳು. ಅವಳಿಂದ ದೂರ, ಕಟ್ಟೆಯ ಆ ತುದಿಗೆ, ಇನ್ನೊಬ್ಬ ಹುಡುಗಿ ಕಾಗದಪತ್ರದ ಚೀಲ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಶೇಂಗಾ ಕೊಟ್ಟವಳದೇ ಅಗಲವಾದ ಹಣೆ, ಒಂದು ಬದಿಗೆ ಅದೇ ಸೊಟ್ಟಗಿನ ಹಲ್ಲು. ಕಮಳಾಬಾಯಿಯ ಮಗಳು ಸರಿತಾ ಎಂದು ಯಾರೂ ಹೇಳಬೇಕಾಗಿರಲಿಲ್ಲ.

"ರಿಪೇರಿ ಮಾಡಿದವರು ನೀವೇ ಏನ್ರಿ?" ಇನ್‌ಸ್ಪೆಕ್ಟರು ಹಿಂದಿನಿಂದ ಕೇಳಿದರು. ಸಂಘರತ್ನ ತನ್ನಷ್ಟಕ್ಕೆ ಬಾನೆಟ್ ಎತ್ತುತ್ತಿದ್ದ. ಕಾನ್‌ಸ್ಟೇಬಲ್ಲೊಬ್ಬ, "ಏ ಮಿಸ್ತ್ರಿ, ಸಾಹೇಬ್ರು ಕೇಳಾಕತ್ತಾರ, ಕಿವಿ ಮನ್ಯಾಗ ಬಿಟ್ಟ ಬಂದೀಯೇನು?" ಎಂದ. ವಿಶಾಖಾ ನಡುವೆ ಬಂದು, "ಹೌದ್ರಿ ಸಾಹೇಬ್ರ, ಇವ್ರೇ" ಎಂದಳು.

ಸಂಘರತ್ನ ಕವರಿನ ನಟ್ಟು ಬಿಚ್ಚಿದ. ಕವರು ಎತ್ತಿದವನು ಹಾಗೇ ನಿಂತ.

ಮೂರನೆಯ ಸಿಲಿಂಡರಿನ ಒಂದು ರಾಕರ್ ದಂಡದ ಬುಡದಲ್ಲಿ ತುಂಡಾಗಿ ಬಿದ್ದಿತ್ತು. ಅದನ್ನು ಎತ್ತಬೇಕಿದ್ದ ಕಡ್ಡಿ ಬಾಗಿ ಪಕ್ಕಕ್ಕೆ ವಾಲಿತ್ತು. ಅವನು ಎರಡೂ ತುಂಡು ತೆಗೆದು, ಅಂಗಿಯ ತುದಿಯಿಂದ, ಆ ಇಸ್ತ್ರಿ ಮಾಡಿದ ಅಂಗಿಯಿಂದಲೇ, ಎಣ್ಣೆ ಒರೆಸಿ, ಬಿಸಿಲಿಗೆ ಹಿಡಿದ. ಇನ್‌ಸ್ಪೆಕ್ಟರೂ ಬಗ್ಗಿದರು.

ಅವನು ಸುಳ್ಳು ಹೇಳಬಹುದಿತ್ತು. ಲಾರಿ ಹೊಡೆದ ಪೆಟ್ಟಿಗೆ ಮುರಿಯಿತು ಅನ್ನಬಹುದಿತ್ತು. ಆದರೆ ಕಬ್ಬಿಣದ ವಿಷಯದಲ್ಲಿ ಅವನಿಗೆ ಸುಳ್ಳು ಬರುತ್ತಿರಲಿಲ್ಲ. "ಇಲ್ಲಿ ನೋಡ್ರಿ ಸಾಹೇಬ್ರ" ಎಂದು ಮುರಿದ ಮುಖ ತೋರಿಸಿದ. "ಅಡಿಗಿನ ಅರ್ಧ ಕರ್ರಗದ. ಇದು ಹಳೀ ಬಿರುಕು. ಎಣ್ಣಿ ಹೊಕ್ಕು ಹೊಕ್ಕು ಕರ್ರಗಾಗ್ಯದ. ಎಷ್ಟೋ ದಿನದಿಂದ ಇತ್ತು. ಮ್ಯಾಗಿನ ಅರ್ಧ ಬೆಳ್ಳಿಗತೆ ಹೊಳೀತದ, ಇದು ಅವತ್ತ ಮುರದದ್ದು. ಒಂದು ಸಿಲಿಂಡರ್ ಸತ್ತದ. ತುಂಬಿದ ಗಾಡಿ, ಏರು. ನಿಂತದ. ಡ್ರೈವರಂದು ತಪ್ಪಿಲ್ಲ."

ಉಮಾದೇವಿ ಮರದಡಿಯಿಂದ ಎದ್ದು ಬಂದಳು.

ಇನ್‌ಸ್ಪೆಕ್ಟರು ಈಗ ಅವನ ಎದುರು ನಿಂತು, ಬಿಡಿಸಿ ಬಿಡಿಸಿ ಕೇಳಿದರು. "ನೀವು ಸೆಟಿಂಗ್ ಮಾಡಿದ ದಿನ ಈ ಬಿರುಕು ಇತ್ತು ಅಂತಾಯ್ತು. ನಿಮಗೆ ಸದ್ದಿನಲ್ಲಿ ಗೊತ್ತಾಗಲಿಲ್ಲವೇ?"

ಅವನು ಕರಿಯ ಭಾಗದ ಮೇಲೆ ಹೆಬ್ಬೆರಳು ಆಡಿಸುತ್ತಿದ್ದ. ನಿಧಾನಕ್ಕೆ ಹೆಂಡತಿಯ ಕಡೆ ತಿರುಗಿದ.

"ನಿನಗ ಅವತ್ತ ಗೊತ್ತಾಗಿತ್ತೇನು?"

ಅಂಗಳದಲ್ಲಿ ಎಲ್ಲರೂ ಅವಳನ್ನು ನೋಡಿದರು. ಅವಳು ನೆಲ ನೋಡಿದಳು. "ಗೊತ್ತಾಗಿತ್ರಿ."

"ಏನಂದಿ?"

"ಗೊತ್ತಾಗಿತ್ತು."

ಹೊರಗೆ ರಸ್ತೆಯಲ್ಲಿ ಬಸ್ಸೊಂದು ಹೋಗುತ್ತಿತ್ತು. ಅವನು ಕಿವಿಯ ಹಿಂದೆ ಅಂಗೈ ಇಟ್ಟುಕೊಂಡು ಮುಂದೆ ಬಾಗಿದ. ನಾಲ್ಕು ವರ್ಷದಲ್ಲಿ ಹೊರಗಿನವರೆದುರು ಹಾಗೆ ಮಾಡಿದ್ದು ಅದೇ ಮೊದಲು. "ಕೇಳಸಲಿಲ್ಲ. ಜೋರ ಹೇಳು."

ಅವಳು ತಲೆಯೆತ್ತಿದಳು. "ನನಗ ಗೊತ್ತಾಗಿತ್ತು! ಹೋದ ವಾರ ಸೆಟಿಂಗ್ ಆಗಿತ್ತಂತ ಅವ ಹೇಳಿದ್ದ! ನಿಮಗ ಕೇಳಿರಲಿಲ್ಲ! ನನಗ ಕೇಳಿತ್ತು! ಬಿರಕಿನ ಆವಾಜೂ ಕೇಳಿತ್ತು!"

ಆ ಕೂಗಿಗೆ ಠಾಣೆಯ ಒಳಗಿನಿಂದ ಇಬ್ಬರು ಹೊರಗೆ ಬಂದು ನಿಂತರು. ಬರೆಯುತ್ತಿದ್ದ ಕಾನ್‌ಸ್ಟೇಬಲ್ ಬರೆಯುವುದನ್ನು ಬಿಟ್ಟ. ಸಂಘರತ್ನ ತಲೆಯಾಡಿಸಿದ. ಈ ಸಲ ಪೂರಾ ಕೇಳಿಸಿತ್ತು. ತುಂಡುಗಳನ್ನು ಮೆಲ್ಲಗೆ ಬಾನೆಟ್ಟಿನ ಅಂಚಿಗಿಟ್ಟು ಇನ್‌ಸ್ಪೆಕ್ಟರಿಗೆ ಹೇಳಿದ. "ನನಗ ಕಿವಿ ಕೇಳಂಗಿಲ್ರಿ ಸಾಹೇಬ್ರ. ಅದೂ ಬರಕೊಳ್ರಿ." ಆಮೇಲೆ ಹೋಗಿ ಗೇಟಿನ ಹತ್ತಿರ ಎಲ್ಲರಿಗೂ ಬೆನ್ನು ಮಾಡಿ ನಿಂತ.

ಪಂಚನಾಮೆಗೆ ಸಹಿ ಮಾಡಿ ವಿಶಾಖಾ ತಿರುಗಿದಾಗ ಸರಿತಾ ಎದುರಿಗಿದ್ದಳು. ಅಳುತ್ತಿರಲಿಲ್ಲ.

"ಗೊತ್ತಿದ್ದು ಯಾಕ ಹೇಳಲಿಲ್ರಿ?"

ನಿಮ್ಮವ್ವನೇ ನಕ್ಕಳು ಎಂಬ ಮಾತು ವಿಶಾಖಾಳ ನಾಲಗೆಯ ಮೇಲೇ ಇತ್ತು. ನಿಜವಾದ ಮಾತೇ ಅದು. ಅವಳು ಅದನ್ನು ನುಂಗಿಕೊಂಡಳು.

"ನಮ್ಮವ್ರಿಗಿ ಕಿವಿ ಕೇಳಂಗಿಲ್ಲ ಅನ್ನೂದು ಮಂದಿಗಿ ಗೊತ್ತಾಗ್ತದಂತ."

"ಇಷ್ಟಕ್ಕೇನು?"

"ಇಷ್ಟಕ್ಕ."

ಸರಿತಾ ಇನ್ನೇನೋ ಇರಬೇಕೆಂದು ಕಾದಳು. ಇನ್ನೇನೂ ಇರಲಿಲ್ಲ. ಚೀಲವನ್ನು ಎದೆಗೆ ಅವಚಿಕೊಂಡು ಅವಳು ಠಾಣೆಯ ಮೆಟ್ಟಿಲು ಹತ್ತಿ ಒಳಗೆ ಹೋದಳು. ವಿಶಾಖಾ ಚೆಲ್ಲಿದ್ದ ಪಾನಾಗಳನ್ನೆಲ್ಲ ಒಂದೊಂದಾಗಿ ಆರಿಸಿ ಪೆಟ್ಟಿಗೆಗೆ ತುಂಬಿದಳು. ಎತ್ತಿದರೆ ಬಹಳ ಭಾರವಿತ್ತು. ಬರುವಾಗ ಅದನ್ನು ಗಂಡ ಹೊತ್ತು ತಂದಿದ್ದ. ಈಗ ಅವನನ್ನು ಕರೆಯಬೇಕೆಂದರೆ ಮತ್ತೆ ಕೂಗಬೇಕಿತ್ತು. ಅವಳು ಎರಡೂ ಕೈಯಿಂದ ಎತ್ತಿ, ಗೇಟಿನ ಕಡೆ ನಡೆದಳು.